ಸೈಕಲ್ ರಿಪೇರಿ ವೀಡಿಯೋದ ಕಾಮೆಂಟ್‌ಗಳು: ನಾಲ್ಕನೇ ವಾರ

ನನ್ನ ಸೈಕಲ್ ರಿಪೇರಿ ವೀಡಿಯೋಗಳ ಕೆಳಗೆ ಜನ ಬರೆದದ್ದನ್ನೆಲ್ಲ ಒಟ್ಟು ಹಾಕಿ, ಮುಂದಿನ ವೀಡಿಯೋದಲ್ಲಿ ಏನು ಹೇಳಬೇಕು ಅಂತ ಅದರಿಂದಲೇ ತಿಳಿಯಬೇಕು. ಈ ಕೆಲಸಕ್ಕೆ ಕೈ ಹಾಕಿದ್ದು ಇಷ್ಟಕ್ಕೇ.

ಕಾಮೆಂಟ್ ಇಳಿಸಿಕೊಳ್ಳುವುದು ಸುಲಭವಾಯಿತು. ಯೂಟ್ಯೂಬ್‌ನ ಎಪಿಐ (ನಮ್ಮ ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳಿ ಪಡೆಯುವ ದಾರಿ) ಒಂದು ಸಲಕ್ಕೆ 100ರವರೆಗೆ ಕೊಡುತ್ತದೆ. ಬರೆದವರ ಹೆಸರು, ಫೋಟೋ ಉಳಿಸಿಕೊಳ್ಳಲಿಲ್ಲ. ಮಾತು ಮತ್ತು ಕಾಮೆಂಟ್‌ನ ಐಡಿ ಸಾಕು.

ಕಷ್ಟ ಶುರುವಾಗಿದ್ದು ಯಾವ ಪದ ಎಷ್ಟು ಸಲ ಬಂದಿದೆ ಅಂತ ಪ್ರೋಗ್ರಾಂನಿಂದ ಎಣಿಸುವಾಗ. ‘ವೀಡಿಯೋ’ ಪಟ್ಟಿಯಲ್ಲಿ ಎರಡು ಕಡೆ ಬಂತು. ಕಣ್ಣಿಗೆ ಎರಡೂ ಒಂದೇ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಓ’ಕಾರದ ಗುರುತು ಒಂದೇ ಸಂಕೇತವಾಗಿಯೂ ಇರಬಹುದು, ಮೂರು ಸಂಕೇತ ಸೇರಿಯೂ ಆಗಬಹುದು. ಎಲ್ಲವನ್ನೂ, ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಸೇರಿಸುವ ಎನ್‌ಎಫ್‌ಸಿ ರೂಪಕ್ಕೆ ತಂದೆ, ಸರಿಹೋಯಿತು. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರು ಮೊದಲು ಇದನ್ನೇ ಮಾಡಿಬಿಡಿ.

ಆಮೇಲೆ ಹೊಗಳಿಕೆ, ದೂರು ಬೇರೆ ಮಾಡಲು ಹೊರಟೆ. ‘ಚೆನ್ನಾಗಿ’ ಅಂತ ಶುರುವಾಗುವ ಪದಗಳಿಗೆಲ್ಲ ಹೊಗಳಿಕೆ ಅಂತ ಗುರುತು ಹಾಕಿದ್ದೆ. ‘ಚೆನ್ನಾಗಿದೆ’ ಜೊತೆ ‘ಚೆನ್ನಾಗಿಲ್ಲ’ವೂ ಅದೇ ಬುಟ್ಟಿಗೆ ಬಿತ್ತು! ಇಂಗ್ಲಿಷ್‌ನಲ್ಲಿ ‘ನಾಟ್’ ಬೇರೆಯಾಗಿ ನಿಲ್ಲುತ್ತದೆ. ನಮ್ಮ ‘ಇಲ್ಲ’ ಹಿಂದಿನ ಪದಕ್ಕೇ ಅಂಟಿಕೊಳ್ಳುತ್ತದೆ ಅಲ್ವಾ? ಈಗ ಪದದ ಕೊನೆಯನ್ನೂ ನೋಡುವ ಹಾಗೆ ಬದಲಿಸಿದ್ದೇನೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರದ್ದು ಇನ್ನೂ ಬಾಕಿ. ಒಂದೊಂದು ಪದಕ್ಕೆ ನಾಲ್ಕೈದು ಸ್ಪೆಲ್ಲಿಂಗ್.

ಈ ವಾರ ಪ್ರೋಗ್ರಾಂ ಪಕ್ಕಕ್ಕಿಟ್ಟು 300 ಕಾಮೆಂಟ್ ಕೂತು ಓದಿದೆ. ತಂಗಿಗೂ ಅದೇ 300 ಕೊಟ್ಟೆ. ಒಬ್ಬರದ್ದೊಬ್ಬರು ನೋಡದೆ ಗುರುತು ಹಾಕಿದೆವು. ಜಾಸ್ತಿ ವಾದ ನಡೆದದ್ದು ಇಂಥದ್ದರ ಮೇಲೆ: ‘ಸೂಪರ್ ಸರ್, ನೀವು ಹೇಳಿದ ಹಾಗೇ ಮಾಡಿದೆ, ಎರಡೇ ದಿನಕ್ಕೆ ಚೈನ್ ಮತ್ತೆ ಕಳಚಿತು.’ ನಾನು ಹೊಗಳಿಕೆ ಅಂದೆ, ಅವಳು ದೂರು ಅಂದಳು. ಅವಳದ್ದೇ ಸರಿ. ‘ಸೂಪರ್ ಸರ್’ ಅನ್ನುವುದು ನಮಸ್ಕಾರ ಹೇಳಿದ ಹಾಗೆ. ವಿಷಯ ಇರುವುದು ಅದರ ನಂತರ. ಆ ವೀಡಿಯೋದಲ್ಲಿ ಕಳಚಿದ ಚೈನ್ ಹಾಕುವುದನ್ನು ತೋರಿಸಿದ್ದೆ, ಯಾಕೆ ಕಳಚುತ್ತದೆ ಅಂತ ಹೇಳೇ ಇರಲಿಲ್ಲ. ಚೈನ್ ಸವೆದು ಉದ್ದವಾಗಿರಬಹುದು. ಗೇರ್ ಸೈಕಲ್ ಆದರೆ, ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ನ ಲಿಮಿಟ್ ಸ್ಕ್ರೂ (ಅದು ಅತಿಯಾಗಿ ಸರಿಯದಂತೆ ತಡೆಯುವ ಸ್ಕ್ರೂ) ಸಡಿಲವಾಗಿರಬಹುದು.

ಹಾಗಾಗಿ ಹೊಗಳಿಕೆ, ದೂರು ಅನ್ನುವ ಎರಡು ಕಾಲಂ ಕೈಬಿಟ್ಟೆ. ಹೊಸ ಕಾಲಂನ ಹೆಸರು ‘ಮಾಡಿ ನೋಡಿದವರು’. ‘ಮಾಡಿದೆ’, ‘ಆದ್ರೆ’, ‘ಮತ್ತೆ’ ಇರುವ ಕಾಮೆಂಟ್‌ಗಳನ್ನು ಮೊದಲು ಮೇಲೆ ತರುತ್ತೇನೆ. ಇಂಥವು ಕಡಿಮೆ. ಆದರೆ ಸುಮ್ನೆ ಮೆಚ್ಚಿ ಹೋದವರಿಗಿಂತ, ಕೈಗೆ ಗ್ರೀಸ್ ಮಾಡಿಕೊಂಡು ವಾಪಸ್ ಬಂದು ಬರೆದವರ ಒಂದು ಸಾಲು ನನಗೆ ಎಷ್ಟೋ ಹೆಚ್ಚು.

ಐಡಿ ಹಿಡಿದು ಆ ಚೈನ್‌ನವರಿಗೆ ಉತ್ತರ ಬರೆದಿದ್ದೇನೆ, ನಿಮ್ಮದು ಗೇರ್ ಸೈಕಲ್ಲಾ ಅಂತ.