ಮಿಲಾನಿನಿಂದ ಓಸ್ತಿಯಾದವರೆಗೆ, ಅಗಸ್ಟೀನನ ಜಾಡಿನಲ್ಲಿ

ಮಿಲಾನಿನ ದೊಡ್ಡ ಕೆಥೆಡ್ರಲ್‌ಗೆ ಬಂದವರು ಮೇಲಕ್ಕೆ ಹತ್ತುತ್ತಾರೆ. ಮಾಳಿಗೆಯ ಮೇಲಿನ ಅಮೃತಶಿಲೆಯ ಗೋಪುರಗಳ ನಡುವೆ ಫೋಟೊ ತೆಗೆಸಿಕೊಳ್ಳಬೇಕು, ಅಲ್ವಾ? ನಾನು ಮೊದಲು ಕೆಳಗಿಳಿದೆ. ಅಲ್ಲಿ ನೆಲದಡಿಯಲ್ಲಿ ಎಂಟು ಮೂಲೆಯ ಒಂದು ಹಳೇ ಕೊಳವಿದೆ. ಈಗ ನೀರಿಲ್ಲ, ಬರೀ ಕಲ್ಲು ಮತ್ತು ಇಟ್ಟಿಗೆ. 387ರ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಬಿಷಪ್ ಆಂಬ್ರೋಸ್, ಮುಂದೆ ಕ್ರೈಸ್ತ ಧರ್ಮದ ದೊಡ್ಡ ಚಿಂತಕನಾದ ಅಗಸ್ಟೀನನಿಗೆ ದೀಕ್ಷಾಸ್ನಾನ ಕೊಟ್ಟದ್ದು ಇಲ್ಲೇ. ಅವನ ಜೊತೆ ದೀಕ್ಷೆ ಪಡೆದವರಲ್ಲಿ ಗೆಳೆಯ ಅಲಿಪಿಯಸ್ ಇದ್ದ, 15 ವರ್ಷದ ಮಗ ಅದೆಯೋದಾತಸನೂ ಇದ್ದ.

ಕೊಳದ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬಂದವಳು ಆ ರಾತ್ರಿ ಇಲ್ಲಿ ಇಲ್ಲದಿದ್ದವಳು. ಆ ಹುಡುಗನ ತಾಯಿ.

ಅಗಸ್ಟೀನ ಹುಟ್ಟಿದ್ದು 354ರಲ್ಲಿ, ಈಗಿನ ಅಲ್ಜೀರಿಯಾದ ತಗಾಸ್ತೆಯಲ್ಲಿ. ಓದಲು ಕಾರ್ಥೇಜಿಗೆ ಹೋದವನು ಅಲ್ಲಿ ಒಬ್ಬಳ ಜೊತೆ ಬಾಳಿದ. ಮದುವೆಯಾಗಿರಲಿಲ್ಲ, ಆದರೂ ಹದಿನಾಲ್ಕು ಹದಿನೈದು ವರ್ಷ ಅವಳೊಬ್ಬಳ ಜೊತೆಗೇ ಇದ್ದ. ಮಿಲಾನಿನಲ್ಲಿ ಭಾಷಣಕಲೆ ಕಲಿಸುವ ದೊಡ್ಡ ಕೆಲಸ ಸಿಕ್ಕಿತು. ತಾಯಿ ಮೋನಿಕಾ ಮಗನಿಗೆ ಒಳ್ಳೆಯ ಮನೆತನದ ಹೆಣ್ಣು ಗೊತ್ತುಮಾಡಿದಳು. ಇಷ್ಟು ವರ್ಷ ಜೊತೆಗಿದ್ದವಳನ್ನು ಆಫ್ರಿಕಕ್ಕೆ ವಾಪಸ್ ಕಳಿಸಿದರು. ಇನ್ನೊಬ್ಬ ಗಂಡಸಿನ ಜೊತೆ ಬಾಳುವುದಿಲ್ಲ ಎಂದು ದೇವರ ಮುಂದೆ ಹೇಳಿ, ಮಗನನ್ನು ಅವನ ಬಳಿ ಬಿಟ್ಟು ಅವಳು ಹೊರಟಳು. ಅವಳಿಗೆ ಅಂಟಿಕೊಂಡಿದ್ದ ತನ್ನ ಎದೆ ಗಾಯವಾಗಿ ರಕ್ತ ಸೋರಿತು ಎಂದು ಅಗಸ್ಟೀನನೇ ಬರೆದಿದ್ದಾನೆ. ಹುಡುಗನಾಗಿದ್ದಾಗ ಹಣ್ಣು ಕದ್ದದ್ದನ್ನು ಪುಟಗಟ್ಟಲೆ ಬರೆದವನು ಇವಳ ಹೆಸರನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಅವಳ ಮಾನ ಕಾಯಲೆಂದೇ ಬಿಟ್ಟನೋ ಏನೋ. ನನಗಂತೂ ಅದು ಮುಳ್ಳಿನ ಹಾಗೆ ಚುಚ್ಚುತ್ತಲೇ ಇದೆ.

ಮರುದಿನ ಪಾವಿಯಾಕ್ಕೆ ಹೋದೆ. ಮಿಲಾನಿನಿಂದ ರೈಲಿನಲ್ಲಿ ಅರ್ಧ ಗಂಟೆ. ಊರಿನ ಒಂದು ಬದಿಗೆ ಸಾನ್ ಪಿಯೆತ್ರೊ ಇನ್ ಚೆಲ್ ದೋರೊ ಎಂಬ ಕೆಂಪು ಇಟ್ಟಿಗೆಯ ಚರ್ಚಿದೆ. ನಾನು ಮುಟ್ಟುವಾಗ ಮಧ್ಯಾಹ್ನದ ಬಿಡುವಿಗೆ ಬಾಗಿಲು ಹಾಕಿತ್ತು. ಹೊರಗೇ ಕೂತು ಬ್ರೆಡ್ ತಿಂದು, ಜೊತೆಗೆ ತಂದಿದ್ದ ಅವನ ಆತ್ಮಕಥೆಯ ಹನ್ನೊಂದನೇ ಭಾಗ ತೆಗೆದೆ. ಕಾಲ ಅಂದರೇನು? ಯಾರೂ ಕೇಳದಿದ್ದರೆ ಗೊತ್ತು, ಕೇಳಿದವರಿಗೆ ಹೇಳಹೊರಟರೆ ಗೊತ್ತಿಲ್ಲ ಅನ್ನುತ್ತಾನೆ. ಕಳೆದದ್ದು ಈಗಿಲ್ಲ, ಬರುವುದು ಇನ್ನೂ ಬಂದಿಲ್ಲ. ಹಾಗಾದರೆ ನಾವು ಅಳೆಯುವುದು ಏನನ್ನು? ಮನಸ್ಸಿನಲ್ಲಿ ಉಳಿದ ಗುರುತನ್ನು, ಎಂದು ಕೊನೆಗೆ ಬರೆಯುತ್ತಾನೆ. ಮುಚ್ಚಿದ ಬಾಗಿಲ ಮುಂದೆ ಕಾಯುತ್ತಾ ಓದಿದಾಗ ಅದು ಮೊದಲಿಗಿಂತ ಚೆನ್ನಾಗಿ ಅರ್ಥವಾಯಿತು.

ಒಳಗೆ ಬಿಳಿ ಅಮೃತಶಿಲೆಯ ದೊಡ್ಡ ಸಮಾಧಿ ಮಂಟಪ. ಹದಿನಾಲ್ಕನೇ ಶತಮಾನದ ಕೆತ್ತನೆ, ಮೈತುಂಬ ಸಣ್ಣ ಸಣ್ಣ ಮೂರ್ತಿಗಳು. ಅಗಸ್ಟೀನ ತೀರಿಕೊಂಡದ್ದು 430ರ ಆಗಸ್ಟ್ 28ರಂದು, ಆಫ್ರಿಕದ ಹಿಪ್ಪೋದಲ್ಲಿ. ಆಗ ವ್ಯಾಂಡಲರ ಸೈನ್ಯ ಊರನ್ನು ಸುತ್ತುವರಿದಿತ್ತು. ಮೂಳೆಗಳು ಮೊದಲು ಸಾರ್ಡಿನಿಯಾಕ್ಕೆ ಹೋದವು. ಎಂಟನೇ ಶತಮಾನದಲ್ಲಿ ಲೊಂಬಾರ್ಡರ ರಾಜ ಲಿಯುತ್‌ಪ್ರಾಂಡ್ ಅಲ್ಲಿಂದ ಇಲ್ಲಿಗೆ ತರಿಸಿದ.

ಅಲ್ಲಿ ತುಂಬಾ ಹೊತ್ತು ಕೂತಿದ್ದೆ. ಕೆಟ್ಟದ್ದು ಎನ್ನುವುದು ತಾನಾಗಿ ಇರುವ ವಸ್ತುವಲ್ಲ, ಒಳ್ಳೆಯದರ ಕೊರತೆ ಎಂದವನು ಇವನು. 410ರಲ್ಲಿ ರೋಮ್ ಲೂಟಿಯಾದಾಗ ಜನ ದಿಕ್ಕೆಟ್ಟರು. ಯಾವ ಸಾಮ್ರಾಜ್ಯವೂ ದೇವರ ನಗರವಲ್ಲ ಎಂದು 22 ಭಾಗಗಳ ಪುಸ್ತಕ ಬರೆದ. ಇದೆಲ್ಲ ನನಗೆ ತುಂಬಾ ಹತ್ತಿರ. ಆದರೆ ದೀಕ್ಷೆಯಾಗದೆ ಸತ್ತ ಕೂಸಿಗೂ ಶಿಕ್ಷೆ ತಪ್ಪದು ಎಂದದ್ದನ್ನು, ಭಿನ್ನಮತದ ಡೊನಾಟಿಸ್ಟರನ್ನು ಸರಕಾರದ ಬಲದಿಂದ ಚರ್ಚಿಗೆ ತರುವುದನ್ನು ಒಪ್ಪಿದ್ದನ್ನು ನಾನು ಒಪ್ಪಲಾರೆ. ಅವನ ಸಮಾಧಿಯ ಎದುರು ಕೂತಾಗಲೂ ಒಪ್ಪಲಾಗಲಿಲ್ಲ.

ರೋಮ್‌ನಲ್ಲಿ ಅವನ ಹೆಸರಿನದೇ ಚರ್ಚಿದೆ. ಜನರೆಲ್ಲ ಕರವಾಜ್ಜೊ ಬರೆದ ಚಿತ್ರದ ಮುಂದೆ ಗುಂಪಾಗಿದ್ದರು. ಮೋನಿಕಾಳ ಸಮಾಧಿಯ ಹತ್ತಿರ ಒಬ್ಬ ಅಜ್ಜಿ ಬಿಟ್ಟರೆ ಯಾರೂ ಇರಲಿಲ್ಲ.

ಕೊನೆಗೆ ಓಸ್ತಿಯಾ. ಆಗ ಅದು ರೋಮ್‌ನ ಬಂದರು. ಊರಿಗೆ ಮರಳಲು ಹಡಗಿಗೆ ಕಾಯುತ್ತಾ ತಾಯಿ ಮಗ ಇಲ್ಲಿ ತಂಗಿದ್ದರು. ತೋಟದ ಕಡೆಯ ಕಿಟಕಿಗೆ ಒರಗಿ ಇಬ್ಬರೂ ದೇವರ ಬಗ್ಗೆ ಮಾತಾಡಿದರು. ಕೆಲವೇ ದಿನಗಳಲ್ಲಿ ಅವಳಿಗೆ ಜ್ವರ ಬಂತು. ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಮೊದಲೆಲ್ಲ ಹಂಬಲಿಸಿದವಳು, ಈ ದೇಹವನ್ನು ಎಲ್ಲಾದರೂ ಹೂಳಿ, ದೇವರ ಪೀಠದ ಬಳಿ ನನ್ನ ನೆನೆಯಿರಿ, ಅಷ್ಟೇ ಸಾಕು ಎಂದಳು. ಅವಳ ಕಣ್ಣು ಮುಚ್ಚಿದವನು ಅಗಸ್ಟೀನನೇ. ಅದೆಯೋದಾತಸ್ ಜೋರಾಗಿ ಅತ್ತ, ದೊಡ್ಡವರು ಸುಮ್ಮನಾಗಿಸಿದರು. 33ನೇ ವರ್ಷದಲ್ಲಿದ್ದ ಅಗಸ್ಟೀನ ಜನರೆದುರು ಅಳಲಿಲ್ಲ. ದುಃಖ ಇಳಿದೀತೆಂದು ಸ್ನಾನ ಮಾಡಿದ, ಇಳಿಯಲಿಲ್ಲ. ಮಲಗಿ ಎದ್ದು, ಒಬ್ಬನೇ ಇದ್ದಾಗ ಕಣ್ಣೀರು ಬಿಟ್ಟುಕೊಟ್ಟ. ನನ್ನ ಅಮ್ಮ ಹೋದ ದಿನ ನಾನೂ ನೆಂಟರ ನಡುವೆ ಕಲ್ಲಿನಂತಿದ್ದೆ. ಮೂರನೇ ದಿನ ಅವಳ ಸೀರೆ ಮಡಚುವಾಗ ಅತ್ತೆ. ಅವನ ಬರಹದಲ್ಲಿ ನಾನು ಮತ್ತೆ ಮತ್ತೆ ತೆಗೆಯುವುದು ಈ ಪುಟಗಳನ್ನೇ.

ಸಾಂತ್ ಔರೇಯಾ ಎಂಬ ಪುಟ್ಟ ಚರ್ಚಿನಲ್ಲಿ ಮೋನಿಕಾಳ ಮೊದಲ ಸಮಾಧಿಯ ಒಡೆದ ಬರಹದ ಕಲ್ಲಿದೆ. 1945ರಲ್ಲಿ ಪಕ್ಕದ ಅಂಗಳದಲ್ಲಿ ಆಟಕ್ಕೆ ಕಂಬ ನೆಡಲು ಹುಡುಗರು ಗುಂಡಿ ತೋಡಿದಾಗ ಸಿಕ್ಕಿದ್ದು. ಅಕ್ಷರಗಳು ಈಗಲೂ ಚೊಕ್ಕ.

ನದಿಯ ಹೂಳಿನಿಂದ ಸಮುದ್ರ ಈಗ ದೂರ ಸರಿದಿದೆ. ರೈಲು ಹತ್ತಿ ದಡಕ್ಕೆ ಹೋದೆ. ಸಂಜೆಯಾಗಿತ್ತು. 388ರಲ್ಲಿ ಅಪ್ಪ ಮಗ ಈ ನೀರನ್ನು ದಾಟಿ ಆಫ್ರಿಕ ಸೇರಿದರು. ಹುಡುಗ ಹದಿನೇಳರ ಆಸುಪಾಸಿನಲ್ಲಿ ತೀರಿಕೊಂಡ. ಅಷ್ಟರೊಳಗೆ ಹೆತ್ತವಳು ಒಮ್ಮೆಯಾದರೂ ಅವನ ಮುಖ ಕಂಡಳೇ? ಅಗಸ್ಟೀನ ಅದನ್ನೂ ಬರೆದಿಲ್ಲ.