ಗೂಡು ತುಂಬಿದ ಬ್ಯಾಕ್‌ಗ್ರೌಂಡ್

ಭಾವ ಶಿಡ್ಲಘಟ್ಟದಲ್ಲಿ ರೀಲರ್. ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಹರಾಜು ಕೂಗಿ ತಂದು ನೂಲು ತೆಗೆಸುತ್ತಾರೆ. ಮಗಳ ಒತ್ತಾಯಕ್ಕೆ ಈಗ ಒಂದು ವೆಬ್‌ಸೈಟು ಬೇರೆ. "ಹಿಂದುಗಡೆ ಪೂರ್ತಿ ಗೂಡೇ ಕಾಣಬೇಕು ಕಣಯ್ಯಾ, ಅದೊಂದು ಮಾಡ್ಕೊಡು" ಅಂದರು.

ಪರದೆ ತುಂಬುವಷ್ಟು ದೊಡ್ಡ ಫೋಟೊ ಹಾಕಿದರೆ ಪುಟ ತೆರೆಯೋದು ನಿಧಾನ. ಅದಕ್ಕೇ ಸಣ್ಣದೊಂದು ಚೌಕ ಮಾಡಿ, ಅದನ್ನೇ ಪಕ್ಕಪಕ್ಕ ಜೋಡಿಸೋದು. ಜೋಡಿಸಿದ ಗೆರೆ ಕಾಣಬಾರದು, ಅಷ್ಟೇ. ನನ್ನ ಲ್ಯಾಪ್‌ಟಾಪಿನಲ್ಲಿ ಇರೋದು ಜಿಂಪ್ ಅನ್ನೋ ಫೋಟೊ ತಿದ್ದುವ ಸಾಫ್ಟ್‌ವೇರ್. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು, ಇವತ್ತಿಗೂ ಪುಕ್ಕಟೆ.

ತಟ್ಟೆ ತುಂಬ ಗೂಡು ಹರಡಿ ಜಗಲಿಯ ನೆರಳಿನಲ್ಲಿ, ನೇರ ಮೇಲಿನಿಂದ ಫೋಟೊ ತೆಗೆದೆ. ಕಿಟಕಿ ಪಕ್ಕ ತೆಗೆದರೆ ಒಂದು ಬದಿ ಬೆಳಕು, ಇನ್ನೊಂದು ಬದಿ ಮಬ್ಬು. ಜೋಡಿಸಿದಾಗ ಪಟ್ಟೆಪಟ್ಟೆ ಕಾಣುತ್ತೆ. 1024 ಪಿಕ್ಸೆಲ್ ಚೌಕಕ್ಕೆ ಕತ್ತರಿಸಿದೆ.

ಜಿಂಪ್‌ನಲ್ಲಿ 'ಟೈಲ್ ಸೀಮ್‌ಲೆಸ್' ಅಂತ ಒಂದು ಫಿಲ್ಟರ್ ಇದೆ. ಒಂದೇ ಕ್ಲಿಕ್ಕು. ಮರಳು, ಹುಲ್ಲಿಗಾದರೆ ಸಾಕು. ಗೂಡಿಗೆ ಆಗಲ್ಲ. ಅದು ಚಿತ್ರದ ಮೇಲೆ ಅದರದ್ದೇ ಪ್ರತಿಯನ್ನು ತೆಳುವಾಗಿ ಬೆರೆಸುತ್ತೆ. ಒಂದು ಗೂಡಿನೊಳಗೆ ಇನ್ನೊಂದು ದೆವ್ವದ ಹಾಗೆ ಇಣುಕುತ್ತಿತ್ತು.

ಹಾಗಾಗಿ ಕೈಕೆಲಸಕ್ಕೇ ಇಳಿದೆ. ಲೇಯರ್ ಮೆನುವಿನಲ್ಲಿ ಟ್ರಾನ್ಸ್‌ಫಾರ್ಮ್, ಅದರೊಳಗೆ ಆಫ್‌ಸೆಟ್. ಅರ್ಧ ಅಗಲ, ಅರ್ಧ ಎತ್ತರ ಸರಿಸಿ, ಆಚೆ ಹೋದದ್ದು ಈಚೆಯಿಂದ ಬರುವ ಹಾಗೆ 'ರ‍್ಯಾಪ್ ಅರೌಂಡ್' ಆರಿಸಬೇಕು. ಹೊರಗಿನ ಅಂಚುಗಳೆಲ್ಲ ಒಳಗೆ ಬಂದು, ನಟ್ಟನಡುವೆ ಕೂಡಿಸುವ ಗುರುತಿನ ಹಾಗೆ ಸೇರುತ್ತವೆ. ಹೊಸ ಅಂಚುಗಳು ತಮ್ಮಷ್ಟಕ್ಕೆ ತಾವೇ ಹೊಂದುತ್ತವೆ. ಅವನ್ನು ಮುಟ್ಟಬಾರದು.

ಆ ಗೆರೆಯ ಮೇಲೆ ಅರ್ಧಕ್ಕೆ ತುಂಡಾದ ಗೂಡುಗಳಿದ್ದವು. ಒಂದು ಕಡೆಯದನ್ನು ಇನ್ನೊಂದು ಕಡೆಗೆ ನಕಲು ಮಾಡುವ ಕ್ಲೋನ್ ಬ್ರಷ್‌ನಲ್ಲಿ ತೀಡಿದರೆ ಕಲಸಿದ ಹಿಟ್ಟಾಗುತ್ತೆ. ಬೇರೆ ಕಡೆಯಿಂದ ಇಡೀ ಗೂಡನ್ನೇ ಕತ್ತರಿಸಿ, ಸ್ವಲ್ಪ ತಿರುಗಿಸಿ, ತುಂಡಾದದ್ದರ ಮೇಲೆ ಕೂರಿಸಿದೆ. ಅಡಿಯಲ್ಲಿ ತೆಳು ನೆರಳು. ಸಂದಿಗಳಿಗೆ ಮಾತ್ರ ಸುತ್ತಲಿನ ಬಣ್ಣಕ್ಕೆ ಹೊಂದಿಸಿ ತೇಪೆ ಹಾಕುವ ಹೀಲ್ ಟೂಲ್. ನಿಜ ಹೇಳ್ತೀನಿ, ಇದರಲ್ಲೊಂದು ಮಜಾ ಇದೆ. ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಆಮೇಲೆ 'ಟೈಲ್' ಫಿಲ್ಟರ್‌ನಲ್ಲಿ ಮೂರು ಸಾಲು, ಮೂರು ಕಂಬ ಮಾಡಿ ನೋಡಿದೆ. ಗೆರೆ ಮಾಯ. ಆದರೆ ಕಂದು ಕಲೆಯ ಒಂದು ಗೂಡು ಅಷ್ಟಷ್ಟು ದೂರಕ್ಕೆ ಕಣ್ಣಿಗೆ ಹೊಡೆಯುತ್ತಿತ್ತು. ಜೋಡಣೆ ಬಯಲಾಗೋದು ಜಾಸ್ತಿ ಇಂಥದ್ದರಿಂದಲೇ, ಗೆರೆಯಿಂದಲ್ಲ. ಅದನ್ನು ತೆಗೆದು ಸಾಧಾರಣ ಗೂಡೊಂದನ್ನು ಇಟ್ಟೆ.

ಭಾವನಿಗೆ ತೋರಿಸಿದೆ. ಅವರು ಗೆರೆ ಹುಡುಕಲೇ ಇಲ್ಲ. ಕನ್ನಡಕ ಏರಿಸಿ ಒಂದು ಮೂಲೆಗೆ ಬೆರಳಿಟ್ಟರು.

"ಇದು ಜೋಡಿ ಗೂಡು ಅಲ್ವಾ? ಎರಡು ಹುಳ ಸೇರಿ ಕಟ್ಟಿದ್ದು. ಎಳೆ ಸಿಕ್ಕಾಗುತ್ತೆ, ಸರಿಯಾಗಿ ಬಿಚ್ಚೋಕೆ ಬರಲ್ಲ. ನನ್ನ ಪುಟದಲ್ಲಿ ಇದು ಊರು ತುಂಬ ಕಾಣಬೇಕಾ?"

ಆರಿಸಿ ಆರಿಸಿ ಇನ್ನೂ ನಾಲ್ಕಾರು ತೆಗೆಸಿದರು. ಮೇಲೆ ಬರುವ ಅಕ್ಷರ ಓದಲಿಕ್ಕಾಗಲಿ ಅಂತ ಬಣ್ಣ ತೆಳುಮಾಡಿ, ಫೈಲ್ ಅವರ ಮಗಳಿಗೆ ಕಳಿಸಿದೆ.