ನಮ್ಮ ಮಡ್ಡಿಯ ಒಂದು ಮೀಟರ್ ನೆಲ

ಬಾಗಲಕೋಟೆ ಜಿಲ್ಲೆಯ ಬೀಳಗಿ ಕಡೆಯ ನಮ್ಮೂರ ಮಡ್ಡಿಗೆ, ಅಂದರೆ ಕುರಿ ಮೇಯುವ ಹುಲ್ಲಿನ ದಿಬ್ಬಕ್ಕೆ, ಮೊನ್ನೆ ಕಾಕಾನ ಕುರಿಗಳ ಬೆನ್ನು ಹತ್ತಿ ಹೋಗಿದ್ದೆ. ಕೈಯಲ್ಲಿ ನಾಲ್ಕು ಗೂಟ, ಒಂದು ಉಂಡಿ ಸುತಳಿ. ಮೀಟರ್ ಉದ್ದ, ಮೀಟರ್ ಅಗಲ ನೆಲಕ್ಕೆ ಸುತಳಿ ಕಟ್ಟಿ ಕುಂತೆ.

"ಏನೋ ತಮ್ಮಾ, ಹುಲ್ಲ ಎಣಸಾಕ ಬಂದೀಯೇನ?" ಅಂದ ಕಾಕಾ.

ಹೌದು, ಅದಕ್ಕೇ ಬಂದಿದ್ದೆ. ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣಿನ ಆ ತುಂಡಿನಲ್ಲಿ 17 ಜಾತಿ ಸಿಕ್ಕವು. ಅರ್ಧಕ್ಕರ್ಧ ನನಗೆ ಹೆಸರೇ ಗೊತ್ತಿಲ್ಲ. ಯಾವುದನ್ನು ಕುರಿ ಮೊದಲು ಬಾಯಿ ಹಾಕುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಅಂತ ಕಾಕಾ ಒಂದೊಂದಾಗಿ ಹೇಳಿದ. ಕೆಳಗೆ ಎರೆ ಮಣ್ಣು ಶುರುವಾಗುವಲ್ಲಿ ಎಣಿಸಿದರೆ ಐದೇ. ಅಲ್ಲಿ ಮಣ್ಣು ಆಳ, ಹಸಿ ನಿಲ್ಲುತ್ತದೆ. ಎತ್ತರದ ಹುಲ್ಲು ಎದ್ದು ಉಳಿದದ್ದನ್ನು ನೆರಳಲ್ಲಿ ಮುಚ್ಚಿಬಿಡುತ್ತದೆ. ಗರಸಿನಲ್ಲಿ ಯಾರಿಗೂ ಅಂಥ ಸೊಕ್ಕು ಬರುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಕೂಡ ಆಗದ ಮಳೆಯಲ್ಲಿ ಸಣ್ಣ ಸಣ್ಣ ಗಿಡಗಳೆಲ್ಲ ಹಂಚಿಕೊಂಡು ಬದುಕುತ್ತವೆ.

ಹುತ್ತದ ಸುತ್ತ ಹುಲ್ಲು ಹೆಚ್ಚು ಹಸಿರು. ಗೆದ್ದಲು ಒಣಹುಲ್ಲು ತಿಂದು, ಆಳದ ಮಣ್ಣು ಮೇಲೆ ತಂದು ಆ ಜಾಗಕ್ಕೆ ಸಾರ ತುಂಬುತ್ತವೆ. ಕುರಿಗಳು ಹೋಗಿ ನಿಲ್ಲುವುದೂ ಅಲ್ಲೇ.

ನನಗೆ ಕರಡದ ಹುಲ್ಲಿನ ಮೇಲೆ ಬಹಳ ಪ್ರೀತಿ. ಅದರ ಬೀಜಕ್ಕೆ ಚೂಪು ಮೂತಿ, ಉದ್ದ ಬಾಲ. ಹಸಿ ತಾಗಿದರೆ ಬಾಲದ ಹುರಿ ಬಿಚ್ಚಿ ತಿರುಗುತ್ತದೆ, ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಹಾಗೆ ತಿರುಗುತ್ತಲೇ ಬೀಜ ನೆಲ ಕೊರೆದು ಒಳಗಿಳಿಯುತ್ತದೆ. ಬಿತ್ತುವವರು ಬೇಕಿಲ್ಲ. ಮೇಲೆ ಬೆಂಕಿ ಬಿದ್ದರೂ ಬೇರು ಸಾಯುವುದಿಲ್ಲ, ಬೇರಿನಿಂದ ಮಣ್ಣಿಗೆ ಸೇರಿದ ಇಂಗಾಲವೂ ಅಲ್ಲೇ ಉಳಿಯುತ್ತದೆ.

ಇಂಥ ನೆಲಕ್ಕೆ ಕಾಗದದಲ್ಲಿ ಪಾಳುಭೂಮಿ ಅಂತ ಹೆಸರು! ಎರಡು ವರ್ಷದ ಹಿಂದೆ ಮಡ್ಡಿಯ ಒಂದು ಮಗ್ಗಲಿಗೆ ಯಂತ್ರ ತಂದು ಗುಂಡಿ ತೋಡಿ ಅಕೇಶಿಯಾ ಸಸಿ ಹಚ್ಚಿದರು. ಬಹಳಷ್ಟು ಒಣಗಿದವು. ಅದಕ್ಕಿಂತ ಸಂಕಟವಾದದ್ದು, ಮಣ್ಣು ಬುಡಮೇಲಾದಲ್ಲೆಲ್ಲ ಕರಡ ಮರಳಿ ಬರಲಿಲ್ಲ, ಕಾಂಗ್ರೆಸ್ ಕಸ ಬಂತು. ಮರ ಹಚ್ಚುವವರ ಮನಸ್ಸು ಒಳ್ಳೆಯದೇ. ಆದರೆ ಇದು ಕಾಡು ಕಳೆದುಕೊಂಡ ನೆಲವಲ್ಲ, ಹುಲ್ಲಿನದೇ ನೆಲ. ನಮ್ಮದೇ ಜಿಲ್ಲೆಯ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರಾ ಎಂಬ ಹುಲ್ಲೆಗಳಿಗಾಗಿ ವನ್ಯಜೀವಿಧಾಮ ಆಯಿತಲ್ಲ, ಆ ಪ್ರಾಣಿಗೂ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಇಂಥ ಬಯಲೇ.

ಹಿಂಗಾರಿ ಮಳೆ ಮುಗಿದ ಮೇಲೆ ಮತ್ತೆ ಎಣಿಸಬೇಕು. ಸುತಳಿ ಬಿಚ್ಚಿಕೊಂಡು ಬಂದೆ, ಗೂಟ ಅಲ್ಲೇ ಇವೆ. ಕುರಿ ಎಡವದ ಹಾಗೆ ಕಾಕಾ ಅವುಗಳ ಸುತ್ತ ನಾಲ್ಕು ಕಲ್ಲು ಒಟ್ಟಿದ್ದಾನೆ.